ಸದ್ದಿನ ದಾರಿ ಹಿಡಿದು

ಹಬ್ಬುವಾಡದ ಮನೆಯೊಂದರಲ್ಲಿ ಕೂತು ಹಾಡು ಧ್ವನಿಮುದ್ರಿಸಬೇಕೆನ್ನುವವರು ಮೊದಲು ಪಂಚಾಂಗ ನೋಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯದೇ ಸದ್ದು. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಸುರಿಯುವ ಕಾರವಾರದಲ್ಲಿ ಹಂಚಿನ ಮೇಲೆ, ಅಂಗಳಕ್ಕೆ ಹೊದಿಸಿದ ತಗಡಿನ ಮೇಲೆ ಬೀಳುವ ನೀರನ್ನು ಯಾವ ಸಾಫ್ಟ್‌ವೇರೂ ಹಾಡಿನಿಂದ ಪೂರ್ತಿ ಬಿಡಿಸಿ ಕೊಡಲಾರದು. ಏಪ್ರಿಲ್, ಮೇ ಬಂತೆಂದರೆ ಸೆಕೆ. ಫ್ಯಾನ್ ಹಾಕಿದರೆ ಮೈಕಿಗೆ ಗುಂಯ್ ಎನ್ನುವ ಗಾಳಿ, ಆರಿಸಿದರೆ ಹಾಡುವವರ ಹಣೆಯಲ್ಲಿ ಬೆವರು. ಉಳಿದ ತಿಂಗಳಲ್ಲೂ ಕೈಗಾ ರಸ್ತೆಯಲ್ಲಿ ಬಸ್ಸು ಲಾರಿ ಓಡುತ್ತಲೇ ಇರುತ್ತವೆ. ಹೀಗಾಗಿ ನವೆಂಬರ್‌ನಿಂದ ಫೆಬ್ರವರಿವರೆಗಿನ ರಾತ್ರಿಗಳೇ ನಮಗೆ ಸುಗ್ಗಿ. ಊಟ ಮುಗಿದು, ರಸ್ತೆ ತಣ್ಣಗಾದ ಮೇಲೆ ಬಾಗಿಲು ಹಾಕಿ, ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು ಅದರೆದುರು ಹಾಡುವವರನ್ನು ಕೂರಿಸಿದರೆ ಕೋಣೆಯ ಮಾರ್ದನಿ ಅರ್ಧಕ್ಕರ್ಧ ತಗ್ಗುತ್ತದೆ. ಖರ್ಚಿಲ್ಲದ ಈ ಉಪಾಯ ನನಗೆ ಬಹಳ ಪ್ರಿಯ.

ಈಗ ಈ ಭಾಗದ ಎಷ್ಟೋ ಮನೆಗಳಲ್ಲಿ ಒಂದು ಲ್ಯಾಪ್‌ಟಾಪ್, ಒಂದು ಆಡಿಯೊ ಇಂಟರ್‌ಫೇಸ್, ಒಂದು ಮೈಕ್, ಒಂದು ಹೆಡ್‌ಫೋನ್ ಇದೆ. ಭಜನೆ ಹಾಡುವವರು, ನಾಟ್ಯಗೀತೆ ಕಲಿತವರು, ಅಜ್ಜಿಯ ಹಾಡನ್ನು ಹಿಡಿದಿಡಬೇಕೆನ್ನುವ ಮೊಮ್ಮಕ್ಕಳು, ಎಲ್ಲರೂ ಮನೆಯಲ್ಲೇ ರೆಕಾರ್ಡ್ ಮಾಡುತ್ತಾರೆ. ಹೆಚ್ಚಿನವರದು ದುಡ್ಡಿಲ್ಲದೆ ಸಿಗುವ ಆಡಾಸಿಟಿ, ಕೆಲವರದು ರೀಪರ್. ಏನಾದರೂ ಕೆಟ್ಟರೆ ಬರುವ ಮೊದಲ ಮಾತು, ‘ಸಾಫ್ಟ್‌ವೇರ್ ಹಾಳಾಗಿದೆ, ತೆಗೆದು ಮತ್ತೆ ಹಾಕ್ತೇನೆ.’ ನನಗೆ ಇದು ಒಪ್ಪಿಗೆಯಿಲ್ಲ. ಸಾಫ್ಟ್‌ವೇರ್ ತಾನಾಗಿ ಹಾಳಾಗುವುದು ತೀರ ಅಪರೂಪ. ತೆಗೆದು ಮತ್ತೆ ಹಾಕಿದರೆ ಇದ್ದ ಸೆಟ್ಟಿಂಗುಗಳೂ ಹೋಗಬಹುದು, ತೊಂದರೆ ಎಲ್ಲಿತ್ತೆಂಬುದು ಮಾತ್ರ ತಿಳಿಯುವುದಿಲ್ಲ. ಸದ್ದಿಗೆ ಒಂದು ದಾರಿಯಿದೆ. ಗಂಟಲಿನಿಂದ ಮೈಕ್, ಮೈಕಿನಿಂದ ವೈರ್, ವೈರಿನಿಂದ ಇಂಟರ್‌ಫೇಸ್, ಅಲ್ಲಿಂದ ಯುಎಸ್‌ಬಿ, ಆಮೇಲೆ ವಿಂಡೋಸ್, ಆಮೇಲೆ ಸಾಫ್ಟ್‌ವೇರ್, ಕೊನೆಗೆ ಹೆಡ್‌ಫೋನ್. ಈ ದಾರಿಯನ್ನು ಒಂದು ತುದಿಯಿಂದ ಹಿಡಿದು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುತ್ತ ಹೋದರೆ ತೊಂದರೆ ಎಲ್ಲಿ ಕೂತಿದೆಯೋ ಅಲ್ಲಿ ಸಿಕ್ಕೇ ಸಿಗುತ್ತದೆ.

ಸದ್ದೇ ಬರುತ್ತಿಲ್ಲ ಎನ್ನಿ. ಹಾಡುವಾಗ ಇಂಟರ್‌ಫೇಸಿನ ಹಸಿರು ದೀಪ ಮಿನುಗುತ್ತಿದೆಯೇ ನೋಡಿ. ಮಿನುಗಿದರೆ ಗಂಟಲು, ಮೈಕ್, ವೈರ್ ಮೂರೂ ಸರಿ ಇವೆ. ಮಿನುಗದಿದ್ದರೆ, ಕಂಡೆನ್ಸರ್ ಮೈಕಾಗಿದ್ದಲ್ಲಿ 48 ವೋಲ್ಟಿನ ಗುಂಡಿ ಒತ್ತಿದ್ದೀರೋ ಇಲ್ಲವೋ ನೋಡಿ. ಅದೂ ಸರಿಯಿದ್ದರೆ ವೈರಿನ ತುದಿಯನ್ನು ಪರೀಕ್ಷಿಸಿ. ಸಮುದ್ರದ ಉಪ್ಪುಗಾಳಿಗೆ ನಮ್ಮಲ್ಲಿ ಜ್ಯಾಕಿನ ಲೋಹ ಬೇಗ ಮಂಕಾಗುತ್ತದೆ. ದೀಪ ಮಿನುಗಿಯೂ ಪರದೆಯ ಮೇಲೆ ಗೆರೆ ಏಳದಿದ್ದರೆ, ವಿಂಡೋಸಿನ ಪ್ರೈವೆಸಿ ಸೆಟ್ಟಿಂಗಿನಲ್ಲಿ ಮೈಕಿಗೆ ಅನುಮತಿ ಇದೆಯೇ ನೋಡಬೇಕು. ಗೆರೆ ಎದ್ದರೂ ಹಾಡು ದೂರದಿಂದ, ಬಾವಿಯೊಳಗಿಂದ ಬಂದಂತೆ ಕೇಳಿದರೆ ಒಂದು ಸುಲಭ ಪರೀಕ್ಷೆ ಇದೆ. ಮೈಕಿನ ಜಾಳಿಗೆಯ ಮೇಲೆ ಉಗುರಿನಿಂದ ಮೆಲ್ಲಗೆ ಕೆರೆಯಿರಿ, ಆಮೇಲೆ ಲ್ಯಾಪ್‌ಟಾಪಿನ ಅಂಚನ್ನು ಕೆರೆಯಿರಿ. ಎರಡನೆಯದಕ್ಕೆ ಗೆರೆ ಜಿಗಿದರೆ ಸಾಫ್ಟ್‌ವೇರ್ ಕೇಳುತ್ತಿರುವುದು ಲ್ಯಾಪ್‌ಟಾಪಿನ ಒಳಮೈಕನ್ನು. ಡಿವೈಸ್ ಪಟ್ಟಿಯಲ್ಲಿ ಇಂಟರ್‌ಫೇಸಿನ ಹೆಸರನ್ನು ಆರಿಸಿದರೆ ಮುಗಿಯಿತು.

ಹಾಡಿನ ಅಡಿಯಲ್ಲಿ ‘ಹೂಂ’ ಎಂಬ ಎಡೆಬಿಡದ ಸದ್ದು ಇದ್ದರೆ ಅದು ಹೆಚ್ಚಾಗಿ ಕರೆಂಟಿನದು. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ಓಲಾಡುತ್ತದೆ, ಆದ್ದರಿಂದ ಆ ಸದ್ದು 50, 100, 150 ಹರ್ಟ್ಸ್‌ಗಳಲ್ಲಿ ಬಂದು ಕೂರುತ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಸದ್ದು ಮಾಯವಾದರೆ ಬ್ಯಾಟರಿಯ ಮೇಲೆಯೇ ಹಾಡು ಮುಗಿಸಿ, ಮರುದಿನ ಇಲೆಕ್ಟ್ರಿಶಿಯನ್ ಕರೆಸಿ ಮನೆಯ ಅರ್ಥಿಂಗ್ ನೋಡಿಸಿ. ಪ್ಲಗ್ಗಿನ ಮೂರನೆಯ ಪಿನ್ ಮುರಿದುಹಾಕಿದರೆ ಸದ್ದು ಹೋಗುತ್ತದೆಂದು ಹೇಳಿಕೊಡುವವರಿದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಅದು ಜೀವ ಕಾಯುವ ಪಿನ್ನು, ಒದ್ದೆ ನೆಲದ ನಮ್ಮ ಮಳೆಗಾಲದಲ್ಲಂತೂ ಇನ್ನೂ ಹೆಚ್ಚು.

ಹೆಡ್‌ಫೋನಿನಲ್ಲಿ ತನ್ನ ದನಿ ತನಗೇ ತಡವಾಗಿ ಕೇಳುತ್ತಿದೆ, ತಾಳ ತಪ್ಪುತ್ತಿದೆ ಎಂಬ ದೂರು ಹಾಡುವವರದು. ಅದಕ್ಕೆ ಕಾರಣ ಬಫರ್. ಕಂಪ್ಯೂಟರು ಸದ್ದನ್ನು ತುಣುಕು ತುಣುಕಾಗಿ ತೆಗೆದುಕೊಳ್ಳುತ್ತದೆ. ಸೆಕೆಂಡಿಗೆ 48,000 ಸ್ಯಾಂಪಲ್ ಇರುವಾಗ 1024 ಸ್ಯಾಂಪಲ್ಲಿನ ಬಫರ್ ಎಂದರೆ ಒಳಬರುವಾಗ 21 ಮಿಲಿಸೆಕೆಂಡ್, ಹೊರಹೋಗುವಾಗ ಇನ್ನೊಂದು 21. ಏಳೆಂಟು ಮಾತ್ರೆಯ ತಾನ ಹೊಡೆಯುವವರಿಗೆ ಇಷ್ಟು ತಡ ಸಾಕು, ದಾರಿ ತಪ್ಪಲು. 128ಕ್ಕೋ 256ಕ್ಕೋ ಇಳಿಸಿದರೆ ತಡ ಕಡಿಮೆಯಾಗುತ್ತದೆ, ಆದರೆ ಹಳೆಯ ಯಂತ್ರವಾದರೆ ಪಟಪಟ ಎಂಬ ಸಿಡಿತ ಶುರುವಾಗುತ್ತದೆ. ಹಾಡು ಹಿಡಿಯುವಾಗ ಕಡಿಮೆ ಬಫರ್, ಆಮೇಲೆ ಮಿಶ್ರಣದ ಹೊತ್ತಿಗೆ ಹೆಚ್ಚು ಬಫರ್ ಎಂಬುದು ರೂಢಿ. ಇಂಟರ್‌ಫೇಸಿನಲ್ಲಿ ಡೈರೆಕ್ಟ್ ಮಾನಿಟರ್ ಎಂಬ ಗುಂಡಿ ಇದ್ದರೆ ಈ ಗೋಜೇ ಇಲ್ಲ, ದನಿ ಕಂಪ್ಯೂಟರಿನೊಳಗೆ ಹೋಗದೆ ನೇರವಾಗಿ ಕಿವಿಗೆ ಬರುತ್ತದೆ. ಬ್ಲೂಟೂತ್ ಹೆಡ್‌ಫೋನ್ ಮಾತ್ರ ಈ ಕೆಲಸಕ್ಕೆ ಬೇಡವೇ ಬೇಡ.

ಶ್ರುತಿ ಏರಿಬಿಡುವ ತೊಂದರೆ ಇನ್ನೊಂದು ಬಗೆಯದು. ಹಾಡುಗಾರ್ತಿ ಕಾಳಿ ಒಂದರಲ್ಲಿ ಹಾಡಿದ್ದಾರೆ, ಆದರೆ ಹಾಕಿ ಕೇಳಿದರೆ ದನಿ ತೆಳ್ಳಗಾಗಿ, ಹಾಡು ಅವಸರದಲ್ಲಿ ಓಡುತ್ತದೆ. ಹಾರ್ಮೋನಿಯಂ ತೆಗೆದು ಹುಡುಕಿದರೆ ಯಾವ ಪಟ್ಟಿಗೂ ಕೂಡುವುದಿಲ್ಲ, ಪಾಂಢರಿ ಎರಡಕ್ಕೂ ಕಾಳಿ ಎರಡಕ್ಕೂ ನಡುವೆ ಎಲ್ಲೋ ನಿಂತಿರುತ್ತದೆ. ಈ ಲಕ್ಷಣ ಕಂಡರೆ ಬೇರೆ ಯೋಚನೆ ಬೇಡ. ಸೆಕೆಂಡಿಗೆ 44,100 ಸ್ಯಾಂಪಲ್ಲಿನಲ್ಲಿ ಹಿಡಿದದ್ದನ್ನು 48,000ದಲ್ಲಿ ಓಡಿಸಲಾಗುತ್ತಿದೆ. ಆಗ ಶ್ರುತಿ ಸುಮಾರು ಒಂದೂವರೆ ಅರ್ಧಸ್ವರದಷ್ಟು ಏರುತ್ತದೆ, 4 ನಿಮಿಷದ ಹಾಡು 3 ನಿಮಿಷ 40 ಸೆಕೆಂಡಿಗೇ ಮುಗಿದುಹೋಗುತ್ತದೆ. ಇಂಟರ್‌ಫೇಸು, ವಿಂಡೋಸು, ಪ್ರಾಜೆಕ್ಟು ಮೂರರಲ್ಲೂ 48,000 ಎಂದೇ ಇಡುವುದು ನನ್ನ ಪದ್ಧತಿ. ನಾಳೆ ಆ ಹಾಡಿಗೆ ವಿಡಿಯೊ ಕೂಡಿಸುವುದಾದರೂ ಅದೇ ಲೆಕ್ಕ ನಡೆಯುತ್ತದೆ.

ಇವೆಲ್ಲ ಎಲ್ಲ ಊರಿನ ತೊಂದರೆಗಳು. ಗುಮಟೆಯದು ಮಾತ್ರ ನಮ್ಮದು. ಅಂಕೋಲೆಯ ಕಡೆಯ ಹಾಲಕ್ಕಿ ಒಕ್ಕಲಿಗರ ಗುಮಟೆ ಎರಡೂ ಕಡೆ ಬಾಯಿರುವ ಮಣ್ಣಿನ ಮಡಕೆ. ಅಗಲವಾದ ಬಾಯಿಗೆ ಚರ್ಮ ಬಿಗಿದಿರುತ್ತದೆ. ಹಿಂದೆ ಉಡದ ಚರ್ಮ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಉಡಕ್ಕೆ ರಕ್ಷಣೆ ಇರುವುದರಿಂದ ಈಗ ಆಡಿನ ಚರ್ಮ ಬಳಕೆಗೆ ಬಂದಿದೆ. ಬಲಗೈ ಚರ್ಮದ ಮೇಲೆ ಬಡಿಯುತ್ತಿರುವಾಗ ಎಡಗೈ ಹಿಂದಿನ ಸಣ್ಣ ಬಾಯನ್ನು ಮುಚ್ಚಿ ತೆರೆದು ಗಾಳಿಯನ್ನು ಆಡಿಸುತ್ತದೆ. ಗುಮಟೆಯ ‘ಗುಂ’ ಹುಟ್ಟುವುದೇ ಅಲ್ಲಿ. ಒಂದೇ ಮೈಕನ್ನು ಚರ್ಮದ ಹತ್ತಿರ ಇಟ್ಟರೆ ಬರಿಯ ಪೆಟ್ಟು ಸಿಗುತ್ತದೆ, ಹಿಂದೆ ಇಟ್ಟರೆ ಬರಿಯ ಗಾಳಿ. ಆದ್ದರಿಂದ ಎರಡು ಮೈಕ್ ಬೇಕು.

ಹಾಗೆ ಎರಡಿಟ್ಟು ಹಿಡಿದ ಒಂದು ರಾತ್ರಿ, ಬಾರಿಸಿದ ಗೌಡರು ಹೆಡ್‌ಫೋನ್ ಹಾಕಿಕೊಂಡು ಕೇಳಿ, ತೆಗೆದು ನನ್ನ ಕೈಗೆ ಕೊಟ್ಟರು. ‘ಮಾಸ್ತರ್ರೇ, ನಮ್ಮ ಗುಮಟೆ ಎಲ್ಲೋಯ್ತು? ಇದು ಡಬ್ಬಿ ಬಡದ ಹಾಂಗೆ ಕೇಳ್ತದಲ್ಲ.’ ಅವರ ಮಾತು ಅಕ್ಷರಶಃ ನಿಜವಾಗಿತ್ತು. ಮುಂದಿನ ಟ್ರ್ಯಾಕನ್ನಷ್ಟೇ ಹಾಕಿದರೆ ಚೆನ್ನಾಗಿದೆ, ಹಿಂದಿನದನ್ನಷ್ಟೇ ಹಾಕಿದರೆ ತುಂಬಿದ ‘ಗುಂ’ ಇದೆ, ಎರಡನ್ನೂ ಕೂಡಿಸಿದ ಕೂಡಲೇ ‘ಗುಂ’ ಮಾಯ. ಪರದೆಯನ್ನು ಹಿಗ್ಗಿಸಿ ಒಂದೇ ಒಂದು ಪೆಟ್ಟನ್ನು ನೋಡಿದೆವು. ಮೇಲಿನ ಟ್ರ್ಯಾಕಿನ ಗೆರೆ ಕೆಳಗೆ ಇಳಿಯುವ ಹೊತ್ತಿಗೆ ಕೆಳಗಿನ ಟ್ರ್ಯಾಕಿನ ಗೆರೆ ಮೇಲೇರುತ್ತಿತ್ತು. ಕೈ ಬಿದ್ದಾಗ ಚರ್ಮ ಒಳಗೆ ತಗ್ಗುತ್ತದೆ, ಮುಂದಿನ ಮೈಕಿನಿಂದ ಗಾಳಿ ದೂರ ಸರಿಯುತ್ತದೆ. ಅದೇ ಗಳಿಗೆಯಲ್ಲಿ ಮಡಕೆಯೊಳಗಿನ ಗಾಳಿ ಹಿಂದಿನ ಬಾಯಿಂದ ಹೊರಗೆ ನುಗ್ಗುತ್ತದೆ, ಹಿಂದಿನ ಮೈಕಿನ ಮೇಲೆ ಒತ್ತುತ್ತದೆ. ಒಂದು ಕಡೆ ಕೂಡಿಸುವುದು, ಇನ್ನೊಂದು ಕಡೆ ಕಳೆಯುವುದು. ಎರಡನ್ನೂ ಬೆರೆಸಿದಾಗ ತಗ್ಗಿನ ಸ್ವರಗಳು ಒಂದನ್ನೊಂದು ಅಳಿಸಿಹಾಕುತ್ತವೆ.

ಮದ್ದು ಒಂದೇ ಕ್ಲಿಕ್ಕಿನದು. ಆಡಾಸಿಟಿಯಲ್ಲಿ ಹಿಂದಿನ ಟ್ರ್ಯಾಕನ್ನು ಆರಿಸಿ ಇನ್ವರ್ಟ್ ಕೊಟ್ಟರಾಯಿತು. ರೀಪರಿನಲ್ಲಾದರೆ ಟ್ರ್ಯಾಕಿನ ಮೇಲೆ ಸೊನ್ನೆಗೆ ಅಡ್ಡಗೆರೆ ಎಳೆದ ಗುಂಡಿ ಇದೆ. ಗೆರೆ ಬುಡಮೇಲಾಯಿತು, ಗುಮಟೆ ಮರಳಿ ಬಂತು. ಗೌಡರು ಮತ್ತೊಮ್ಮೆ ಕೇಳಿ ‘ಹಾಂ, ಈಗ ಹೌದು’ ಎಂದರು. ಈ ಕೆಲಸದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಮಾತು ಅದು. ವಾದ್ಯವನ್ನು ಜನ್ಮವಿಡೀ ಬಾರಿಸಿದವರ ಕಿವಿಗಿಂತ ದೊಡ್ಡ ಮೀಟರ್ ಇಲ್ಲ. ರೆಕಾರ್ಡಿಂಗ್ ಸರಿಯೋ ತಪ್ಪೋ ಎಂಬ ತೀರ್ಪನ್ನು ಅವರಿಗೇ ಬಿಡಬೇಕು. ಇನ್ನೊಂದು ಮಾತು: ಗುಮಟೆಯ ಪೆಟ್ಟು ಥಟ್ಟನೆ ಏರುವಂಥದ್ದು. ಅತಿ ಜೋರಿನ ಪೆಟ್ಟೂ ಮೀಟರಿನಲ್ಲಿ ಮೈನಸ್ 12 ಡೆಸಿಬಲ್ ದಾಟದಂತೆ ಗೇನ್ ಇಳಿಸಿಟ್ಟುಕೊಂಡು 24 ಬಿಟ್ಟಿನಲ್ಲಿ ಹಿಡಿಯಬೇಕು. ಸಣ್ಣದಾಗಿ ಹಿಡಿದದ್ದನ್ನು ಆಮೇಲೆ ಏರಿಸಬಹುದು, ತಲೆ ಕತ್ತರಿಸಿಹೋದ ಪೆಟ್ಟಿಗೆ ಮತ್ತೆ ತಲೆ ಬರುವುದಿಲ್ಲ.

ಗದ್ದಲ ತೆಗೆಯುವ ಸೌಲಭ್ಯದ ಮೇಲೆ ನನಗೊಂದು ತಕರಾರಿದೆ. ಒಂದೇ ಸಮ ನಿಂತ ಸದ್ದೆಲ್ಲ ಗದ್ದಲ ಎಂದು ಈ ಫಿಲ್ಟರುಗಳು ತಿಳಿಯುತ್ತವೆ. ನಮ್ಮ ಸಂಗೀತದಲ್ಲಿ ಒಂದೇ ಸಮ ನಿಲ್ಲುವುದು ತಂಬೂರಿ! ವಿಂಡೋಸಿನ ಆಡಿಯೊ ಎನ್‌ಹಾನ್ಸ್‌ಮೆಂಟ್ ತೆರೆದಿದ್ದರೆ ಸಾಲು ಸಾಲಿನ ನಡುವೆ ಶ್ರುತಿ ಮುಳುಗಿ ಏಳುತ್ತಿರುತ್ತದೆ, ಹಾಡುವವರ ಉಸಿರೂ ಅದರೊಂದಿಗೆ ಹೋಗುತ್ತದೆ. ಅದನ್ನು ಮೊದಲೇ ಆರಿಸಿಡಿ. ಆಡಾಸಿಟಿಯ ನಾಯ್ಸ್ ರಿಡಕ್ಷನ್ ಬಳಸುವುದಿದ್ದರೆ, ತಂಬೂರಿ ಶುರುವಾಗುವ ಮೊದಲು ಹತ್ತು ಸೆಕೆಂಡು ಎಲ್ಲರೂ ಸುಮ್ಮನಿದ್ದು ಖಾಲಿ ಕೋಣೆಯನ್ನು ಹಿಡಿದುಕೊಳ್ಳಬೇಕು. ಗದ್ದಲದ ಮಾದರಿ ಅಲ್ಲಿಂದ ತೆಗೆಯಬೇಕು, ಹಾಡಿನ ನಡುವಿನಿಂದ ಅಲ್ಲ. ಅದೂ ಕಡಿಮೆ ಪ್ರಮಾಣದಲ್ಲಿ. ಸ್ವಲ್ಪ ಗುಂಯ್ ಉಳಿದರೆ ಉಳಿಯಲಿ, ದನಿಗೆ ನೀರಿನೊಳಗೆ ಮಾತಾಡಿದ ಬಣ್ಣ ಬರಬಾರದು.

ಇಷ್ಟೆಲ್ಲ ಸರಿಹೋದ ಮೇಲೂ ಹಾಡು ಕಳೆದುಹೋಗುವುದು ಹೆಸರಿಲ್ಲದೆ. ‘ಅನ್‌ಟೈಟಲ್ಡ್ 7’, ‘ಫೈನಲ್ 2’ ಎಂಬ ಫೈಲುಗಳೊಳಗೆ ಯಾರಿದ್ದಾರೆಂದು ಎರಡು ವರ್ಷದ ಮೇಲೆ ಯಾರು ಹೇಳಬಲ್ಲರು? 1902ರ ನವೆಂಬರಿನಲ್ಲಿ ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನರ ಹಾಡು ಹಿಡಿದಾಗ, ಅವರು ಪ್ರತಿ ಹಾಡಿನ ಕೊನೆಗೆ ತಮ್ಮ ಹೆಸರು ಹೇಳುತ್ತಿದ್ದರು. ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಯಾವ ತಟ್ಟೆ ಯಾರದೆಂದು ಗೊತ್ತಾಗಲು ಇದ್ದ ಉಪಾಯ ಅದು. ಅದೇ ಗೌಹರ್ ಜಾನ್ 1928ರಲ್ಲಿ ಮೈಸೂರು ಅರಮನೆಯ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರ ದನಿ ಯಾರದೆಂದು ಇಂದಿಗೂ ಯಾರನ್ನೂ ಕೇಳಬೇಕಾಗಿಲ್ಲ, ಅವರೇ ಹೇಳಿದ್ದಾರೆ. ರೆಕಾರ್ಡ್ ಗುಂಡಿ ಒತ್ತಿದ ಕೂಡಲೇ ಹಾಡುವವರು ತಮ್ಮ ಹೆಸರು, ಊರು, ತಾರೀಕು, ಹಾಡು ಯಾರಿಂದ ಕಲಿತದ್ದು ಎಂಬಷ್ಟನ್ನು ಹೇಳಿಬಿಡಲಿ. ಫೈಲಿನ ಹೆಸರು ಅಳಿಸಿಹೋದರೂ ಅದು ದನಿಯೊಳಗೇ ಉಳಿಯುತ್ತದೆ. ಮೂಲ ಫೈಲಿನ ಮೇಲೆ ಯಾವ ಎಫೆಕ್ಟನ್ನೂ ಹಾಕದೆ, ಒಂದು ನಕಲು ತೆಗೆದು ಕೆಲಸವನ್ನೆಲ್ಲ ನಕಲಿನ ಮೇಲೆ ಮಾಡಬೇಕು.

ಅಂಕೋಲೆ ಬಡಗೇರಿಯ ಸುಕ್ರಿ ಬೊಮ್ಮಗೌಡರು, ನಮಗೆಲ್ಲ ಸುಕ್ರಜ್ಜಿ, 2025ರ ಫೆಬ್ರವರಿ 13ರಂದು ಹೋದರು. ಅವರಿಗೆ 2017ರಲ್ಲಿ ಪದ್ಮಶ್ರೀ ಬಂದಿತ್ತು. ಓದು ಬರಹ ಬಾರದ ಅವರ ನೆನಪಿನಲ್ಲಿ ಸಾವಿರಾರು ಹಾಲಕ್ಕಿ ಹಾಡುಗಳಿದ್ದವು. ಕಾರವಾರದ ಆಕಾಶವಾಣಿ ಅವರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡದ್ದು ದೊಡ್ಡ ಪುಣ್ಯದ ಕೆಲಸ. ಆದರೆ ಅವರ ಪ್ರಾಯದ, ಪ್ರಶಸ್ತಿ ಬಾರದ, ಆಕಾಶವಾಣಿಗೆ ಹೋಗದ ಅಜ್ಜಿಯರು ಊರೂರಲ್ಲಿದ್ದಾರೆ. ಅವರ ಹಾಡು ಸಿಗುವುದಿದ್ದರೆ ಮನೆಯ ಜಗುಲಿಯಲ್ಲೇ, ಮೊಮ್ಮಗನ ಲ್ಯಾಪ್‌ಟಾಪಿನಲ್ಲೇ ಸಿಗಬೇಕು.

ಹಿಡಿದದ್ದನ್ನು ಮುಂಬಯಿಯ, ಗೋವೆಯ ನೆಂಟರಿಗೆ ಕಳಿಸುವವರು ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಎಂದೇ ಕಳಿಸಿ. ನಾಲ್ಕು ನಿಮಿಷದ ಒಂದು ಟ್ರ್ಯಾಕ್ 24 ಬಿಟ್ಟಿನಲ್ಲಿ ಸುಮಾರು 35 ಎಂಬಿ ಆಗುತ್ತದೆ, ಅಷ್ಟು ಭಾರಕ್ಕೆ ಹೆದರಿ ಮೂಲವನ್ನು ಎಂಪಿತ್ರೀ ಮಾಡಿ ಅಳಿಸಬೇಡಿ. ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿ, ಇನ್ನೊಂದು ಬೇರೆ ಮನೆಯಲ್ಲಿಟ್ಟ ಹಾರ್ಡ್‌ಡಿಸ್ಕಿನಲ್ಲಿ ಇರಲಿ. ಮೈಕನ್ನು ಮಳೆಗಾಲಕ್ಕೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಹಾಗೆಯೇ, ಅಟ್ಟದ ಮೇಲೆ ಮದುವೆಯ ಹಾಡು, ಭಜನಾ ಸಪ್ತಾಹದ ಹಾಡು ಎಂದು ಬರೆದಿಟ್ಟ ಹಳೆಯ ಕ್ಯಾಸೆಟ್‌ಗಳಿದ್ದರೆ ಇಳಿಸಿ ನೋಡಿ. ನಮ್ಮ ಹವೆಗೆ ಟೇಪಿನ ಮೇಲೆ ಬಿಳಿ ಬೂಸ್ಟು ಬರುತ್ತದೆ. ಟೇಪ್‌ರೆಕಾರ್ಡರಿನ ಹೆಡ್‌ಫೋನ್ ತೂತಿನಿಂದ ಒಂದು ವೈರ್ ಎಳೆದು ಇಂಟರ್‌ಫೇಸಿಗೆ ಕೊಟ್ಟರೆ ಅವೂ ಕಂಪ್ಯೂಟರಿಗೆ ಬಂದಾವು. ಮೃಗಶಿರ ಮಳೆ ಹಿಡಿಯುವುದರೊಳಗೆ ಆ ಕೆಲಸ ಮುಗಿಸಿಕೊಳ್ಳಿ. ವೈರ್ ಇಲ್ಲದವರು ಬನ್ನಿ, ನನ್ನಲ್ಲಿದೆ.