ಬಂದ್ ಸುದ್ದಿಯಲ್ಲಿ ನಮ್ಮ ಕಾಕಾ ಇರಲಿಲ್ಲ

2013ರ ಮೇ ತಿಂಗಳು. ಕಾಕಾನ ಮಗಳ ಮದುವೆಗೆ 12 ದಿನ ಉಳಿದಿತ್ತು. ಮುಂಬೈನಿಂದ ರೊಕ್ಕ ತರಬೇಕಿದ್ದ ಕಾಕಾ ಬರಿಗೈಲಿ ಬಸ್ಸಿಳಿದರು.

"ಪ್ಯಾಟಿ ಬಂದ್ ಐತಿ ತಮ್ಮಾ. ದುಕಾನ ತೆಗಿಯೂದ ಇಲ್ಲ. ಎಷ್ಟ ದಿನ ಕುಂತ ತಿನ್ನೂದು?"

ಇಂಡಿ ತಾಲ್ಲೂಕಿನ ನಮ್ಮೂರಿಂದ ಹೋಗಿ ಮುಂಬೈನ ಸಗಟು ಬಟ್ಟೆ ಪೇಟೆಯಲ್ಲಿ ಕೈಗಾಡಿ ಎಳೆಯುತ್ತಿದ್ದವರು ಅವರು. ಆಗ ನಾವು ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿ ಪತ್ರಿಕೆಯೊಂದಕ್ಕೆ ಹೊಸದಾಗಿ ಸುದ್ದಿ ಕಳಿಸತೊಡಗಿದ್ದೆವು. ಸುದ್ದಿಗಿಷ್ಟು ಅಂತ ದುಡ್ಡು. ಅಚ್ಚಾಗದಿದ್ದರೆ ಅದೂ ಇಲ್ಲ.

ಬಂದ್ ಯಾಕಂದರೆ, ಮಹಾರಾಷ್ಟ್ರ ಸರ್ಕಾರ ಮಹಾನಗರ ಪಾಲಿಕೆಗಳಲ್ಲಿ ಜಕಾತಿ ತೆಗೆದು ಎಲ್‌ಬಿಟಿ, ಅಂದರೆ ಸ್ಥಳೀಯ ಸಂಸ್ಥೆ ತೆರಿಗೆ, ತರುತ್ತಿತ್ತು. ಪುಣೆ, ನಾಗಪುರದಲ್ಲಿ 2013ರ ಏಪ್ರಿಲ್ 1ಕ್ಕೇ ಬಂದಾಗಿತ್ತು. ಮುಂಬೈಗೆ ಆ ವರ್ಷದ ಅಕ್ಟೋಬರ್‌ನಿಂದ ತರುವ ಮಾತಿತ್ತು. ಜಕಾತಿ ಅಂದರೆ ನಮ್ಮ ಕಡೆಯ ಹಿರಿಯರಿಗೆ ಗೊತ್ತು. ಊರ ಬಾಗಿಲಲ್ಲಿ ಲಾರಿ ನಿಲ್ಲಿಸಿ ಸರಕಿನ ಮೇಲೆ ವಸೂಲಿ ಮಾಡುವುದು. ಕರ್ನಾಟಕದಲ್ಲಿ ಅದು 1979ರಲ್ಲೇ ಹೋಯಿತು. ಮುಂಬೈನಲ್ಲಿ ಮಾತ್ರ ದಹಿಸರ್, ಮುಲುಂಡ್ ನಾಕಾಗಳಲ್ಲಿ ಲಾರಿಗಳ ಸಾಲು ನಿಲ್ಲುತ್ತಲೇ ಇತ್ತು.

ಎಲ್‌ಬಿಟಿಯಲ್ಲಿ ನಾಕಾ ಇಲ್ಲ. ಹೊರಗಿಂದ ಊರೊಳಗೆ ಎಷ್ಟು ಮಾಲು ತಂದೆ ಅಂತ ವ್ಯಾಪಾರಿಯೇ ಲೆಕ್ಕ ಬರೆದು ಪಾಲಿಕೆಗೆ ಕಟ್ಟಬೇಕು. ಕೇಳಲು ಸಲೀಸು. ಆದರೆ ಲೆಕ್ಕ ಇದ್ದಲ್ಲಿ ಲೆಕ್ಕ ನೋಡುವವನೂ ಬರುತ್ತಾನೆ. ರಾಜ್ಯಕ್ಕೆ ವ್ಯಾಟ್ ಕಟ್ಟುತ್ತಿದ್ದೇವೆ, ಈಗ ಪಾಲಿಕೆಯವರೂ ಅಂಗಡಿಗೆ ಬಂದು ಪುಸ್ತಕ ತೆಗೆಸಿದರೆ ಹೆಂಗೆ ಎನ್ನುವುದು ವ್ಯಾಪಾರಿಗಳ ಮುಖ್ಯ ತಕರಾರು. ಬೇಕಿದ್ದರೆ ವ್ಯಾಟ್‌ ಜೊತೆಗೇ ಸೇರಿಸಿ ತಗೊಳ್ಳಿ ಅಂದರು. ಈ ಮಾತಿನಲ್ಲಿ ನ್ಯಾಯ ಇತ್ತು ಅಂತ ನಮಗೆ ಇವತ್ತಿಗೂ ಅನಿಸುತ್ತದೆ. ಗಲ್ಲಾದ ಮುಂದೆ ಅಧಿಕಾರಿ ಬಂದು ನಿಂತರೆ ಸಣ್ಣ ಅಂಗಡಿಯವನ ಎದೆ ಹೆಂಗೆ ಹೊಡೆದುಕೊಳ್ಳುತ್ತದೆ ಅಂತ ನಾವೂ ಕಂಡಿದ್ದೇವೆ.

ಪಾಲಿಕೆಗಳ ಪಾಡೂ ಸುಳ್ಳಲ್ಲ. ಮುಂಬೈ ಪಾಲಿಕೆಗೆ ಜಕಾತಿಯೇ ದೊಡ್ಡ ವರಮಾನ. ಅದು ಹೋಗಿ ಬದಲಿಗೆ ಏನೂ ಬರದಿದ್ದರೆ ರಸ್ತೆ, ನೀರು, ಕಸಕ್ಕೆ ಪ್ರತಿ ಸಲ ರಾಜ್ಯದ ಮುಂದೆ ಕೈ ಚಾಚಬೇಕು.

ಇದನ್ನೆಲ್ಲ ನಾವು ಬರೆದೆವು. ಮುಂಬೈ, ಪುಣೆಯಿಂದ ಮಾಲು ತರಿಸುವ ನಮ್ಮ ಕಡೆಯ ಬಟ್ಟೆ ಅಂಗಡಿಯವರನ್ನು ಮಾತಾಡಿಸಿ, ಮದುವೆ ಸೀಸನ್‌ನಲ್ಲಿ ಸೀರೆ ಕೊರತೆ ಅಂತ ಸುದ್ದಿ ಕಳಿಸಿದೆವು. ಅಚ್ಚಾಯಿತು. ಕಾಕಾನೇ ಓದಿಸಿ ಕೇಳಿದರು. ಕೇಳಿ ಆದಮೇಲೆ ಒಂದೇ ಮಾತು:

"ಸೀರಿ ಹೊರಾವ್ರ ಬಗ್ಗೆ ಏನೂ ಇಲ್ಲೇನು?"

ಇರಲಿಲ್ಲ. ಸುದ್ದಿ ನಮ್ಮ ಮನೆ ಕಟ್ಟೆಯ ಮೇಲೇ ಬೀಡಿ ಸೇದುತ್ತ ಕೂತಿತ್ತು, ನಾವು ಅಂಗಡಿಗಳಿಗೆ ಫೋನು ಹಚ್ಚುತ್ತಿದ್ದೆವು.

ಮಹಾರಾಷ್ಟ್ರದಲ್ಲಿ ಹಮಾಲರಿಗೆಂದೇ 1969ರ ಮಾಥಾಡಿ ಕಾಯ್ದೆ ಇದೆ. ಅದರಡಿ ಮಂಡಳಿ, ನೋಂದಣಿ, ಭವಿಷ್ಯ ನಿಧಿ ಎಲ್ಲ ಇದೆ. ಕಾಕಾನ ಹೆಸರು ಯಾವ ಮಂಡಳಿಯಲ್ಲೂ ಇರಲಿಲ್ಲ. ಅಂಗಡಿ ಬಾಗಿಲು ಹಾಕಿದರೆ ಮಾಲೀಕನ ಮಾಲು ಒಳಗೇ ಇರುತ್ತದೆ, ನಾಳೆ ಮಾರಬಹುದು. ಹಮಾಲನ ಇವತ್ತಿನ ಕೂಲಿ ಇವತ್ತಿಗೇ ಹೋಯಿತು. ಮದುವೆ ನಿಲ್ಲಲಿಲ್ಲ. ನೂರಕ್ಕೆ 3 ರೂಪಾಯಿ ಬಡ್ಡಿಗೆ ಸಾಲ ತಂದರು. ಅದು ತೀರಲು ನಾಲ್ಕು ವರ್ಷ ಬೇಕಾಯಿತು.

ಮುಂಬೈಗೆ ಎಲ್‌ಬಿಟಿ ಬರಲೇ ಇಲ್ಲ. ಬೇರೆ ಊರುಗಳಲ್ಲಿ 2015ರ ಆಗಸ್ಟ್ 1ರಿಂದ, ವರ್ಷಕ್ಕೆ 50 ಕೋಟಿಯೊಳಗಿನ ವಹಿವಾಟಿದ್ದವರಿಗೆ ಅದನ್ನು ತೆಗೆದರು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಮುಂಬೈನ ಜಕಾತಿಯೂ ಹೋಯಿತು. ಈಗ ಪಾಲಿಕೆಗೆ ರಾಜ್ಯದಿಂದ ಪರಿಹಾರದ ಹಣ ಬರುತ್ತದೆ. ವ್ಯಾಪಾರಿಗಳು ಗೆದ್ದರು ಅನ್ನಬಹುದು. ಬಂದ್‌ನಲ್ಲಿ ಕೂಲಿ ಕಳಕೊಂಡವರಿಗೆ ಪರಿಹಾರ ಅನ್ನುವ ಮಾತು ಮಾತ್ರ ನಮ್ಮ ಕಿವಿಗೆ ಬೀಳಲಿಲ್ಲ.

ಹೋದ ವರ್ಷ ನಮ್ಮ ಹತ್ತಿರದ ಪಟ್ಟಣದಲ್ಲೂ ಪರವಾನಗಿ ಶುಲ್ಕ ಹೆಚ್ಚಿಸುವ ಮಾತು ಬಂದು ಅಂಗಡಿಗಳು ಒಂದು ದಿನ ಮುಚ್ಚಿದವು. ವ್ಯಾಪಾರಿ ಸಂಘದ ಪ್ರಕಟಣೆ ಬೆಳಿಗ್ಗೆಯೇ ವಾಟ್ಸಾಪಿಗೆ ಬಂದಿತ್ತು. ಅದನ್ನು ಹಾಗೇ ಬಿಟ್ಟು ನಾವು ಮೊದಲು ಲಾರಿ ಸ್ಟ್ಯಾಂಡಿಗೆ ಹೋದೆವು. ಹತ್ತು ಹನ್ನೆರಡು ಜನ ಬೇವಿನ ಗಿಡದ ಕೆಳಗೆ ಕೂತಿದ್ದರು. ಶುಲ್ಕ ಎಷ್ಟು ಏರುತ್ತದೆ ಅಂತ ಅವರಿಗೆ ಗೊತ್ತಿರಲಿಲ್ಲ. ನಾವು ಪುಸ್ತಕ ತೆಗೆದದ್ದು ನೋಡಿ ಒಬ್ಬ ಕೇಳಿದ: "ಸರ್, ಸಂಜಿಕಾದ್ರೂ ತೆಗಿತಾರೇನ್ರಿ?"