ನಾನಿಯ ನೆಗೆಟಿವ್

ದ್ವಿತೀಯ ಪಿಯುಸಿ ಕೆಮಿಸ್ಟ್ರಿಯಲ್ಲಿ ಕೋಆರ್ಡಿನೇಷನ್ ಕಾಂಪೌಂಡ್ಸ್ ಪಾಠದ ಕೊನೆಗೆ ಅವುಗಳ ಉಪಯೋಗಗಳನ್ನು ಹೇಳಿದ್ದಾರೆ. ಅದರಲ್ಲಿ ಕಪ್ಪು ಬಿಳುಪು ಫೋಟೋಗ್ರಫಿಯೂ ಒಂದು. ಬೆಳಕು ತಾಗದೆ ಉಳಿದ ಸಿಲ್ವರ್ ಬ್ರೋಮೈಡನ್ನು ಹೈಪೋ ಕರಗಿಸಿಬಿಡುತ್ತದೆ ಎಂಬ ವಿಷಯ. ನಮ್ಮಲ್ಲಿ ಹೆಚ್ಚಿನವರು ಅದನ್ನು ಒಂದು ಅಂಕದ ಪ್ರಶ್ನೆಗೆಂದು ಓದಿ ಮುಂದಿನ ಪಾಠಕ್ಕೆ ಹೋಗುತ್ತೇವೆ. ನನಗೆ ಮಾತ್ರ ಆ ಸಾಲು ಈ ವರ್ಷ ನಮ್ಮ ಮನೆಯ ಹಿಂದಿನ ಕೋಣೆಯಲ್ಲೇ ಕಾಣಸಿಕ್ಕಿತು.

ನನ್ನ ನಾನಾ, ಅಂದರೆ ಅಮ್ಮಿಯ ತಂದೆ, ನಮ್ಮ ಊರಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಫೋಟೋ ಸ್ಟುಡಿಯೋ ನಡೆಸಿದವರು. ಡಿಜಿಟಲ್ ಬಂದ ಮೇಲೆ 2009ರಲ್ಲಿ ಅಂಗಡಿ ಮುಚ್ಚಿದರು. ಆದರೆ ಮನೆಯ ಹಿಂದಿನ ಡಾರ್ಕ್ ರೂಮನ್ನು ಬಿಚ್ಚಲು ಬಿಡಲಿಲ್ಲ. ಎನ್ಲಾರ್ಜರ್, ಮೂರು ಟ್ರೇ, ಕೆಂಪು ಬಲ್ಬು ಎಲ್ಲ ಹಾಗೇ ಇವೆ. ಊರಿನ ಎಷ್ಟೋ ಮನೆಗಳ ಮದುವೆ, ಶಾಲೆಯ ಗ್ರೂಪ್ ಫೋಟೋ, ಹಜ್‌ಗೆ ಹೊರಟವರ ಪಾಸ್‌ಪೋರ್ಟ್ ಫೋಟೋಗಳನ್ನು ಅವರು ಅಲ್ಲೇ ತೊಳೆದಿದ್ದಾರೆ. ಪ್ರತಿಯೊಂದು ನೆಗೆಟಿವ್‌ಗೂ ಒಂದು ನಂಬರು, ಪ್ರತಿಯೊಂದು ನಂಬರೂ ರಿಜಿಸ್ಟರಿನಲ್ಲಿ. ಆ ರಿಜಿಸ್ಟರಿನಲ್ಲಿ ನಾನಿಯ ಹೆಸರು ಮಾತ್ರ ಇರಲಿಲ್ಲ. ನಾನಿ ಕ್ಯಾಮೆರಾ ಮುಂದೆ ಕೂರುತ್ತಲೇ ಇರಲಿಲ್ಲ.

ಅವರು ಒಪ್ಪಿಕೊಂಡ ಒಂದೇ ಫೋಟೋ ನಾನು ಫೋನಿನಲ್ಲಿ ತೆಗೆದದ್ದು. ಜಗಲಿಯಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತ, ಬಿಳಿ ದುಪಟ್ಟಾ ತಲೆಯ ಮೇಲೆ ಎಳೆದುಕೊಂಡು, ಯಾರ ಮಾತಿಗೋ ನಗುತ್ತಿದ್ದಾರೆ. ನೋಡಿ ಖುಷಿಪಟ್ಟರು. ಜೊತೆಗೇ, "ಇದನ್ನು ಯಾರಿಗೂ ಕಳಿಸಬೇಡ, ಗ್ರೂಪಿಗೂ ಹಾಕಬೇಡ" ಎಂದು ಮಾತು ತೆಗೆದುಕೊಂಡರು. ಕಳೆದ ರಮಝಾನ್‌ಗೆ ಸ್ವಲ್ಪ ಮುಂಚೆ ನಾನಿ ತೀರಿಕೊಂಡರು.

ಕೆಲವು ತಿಂಗಳ ನಂತರ ನಾನಾ ನನ್ನನ್ನು ಕರೆದು ಕೇಳಿದ್ದು ಒಂದೇ ಮಾತು: "ಬೇಟಾ, ಆ ಫೋಟೋದ ನೆಗೆಟಿವ್ ಮಾಡಿಸೋಕೆ ಆಗುತ್ತಾ?"

ಕಲರ್ ಲ್ಯಾಬಿಗೆ ಕೊಟ್ಟರೆ ಐದು ನಿಮಿಷದಲ್ಲಿ ಪ್ರಿಂಟ್ ಬರುತ್ತದೆ ಎಂದೆ. ಅವರು ತಲೆ ಅಲ್ಲಾಡಿಸಿದರು. "ಊರಿನವರದ್ದೆಲ್ಲ ನನ್ನ ಕೈಯಲ್ಲಿ ತೊಳೆದಿದ್ದೇನೆ. ಅವಳದು ಬೇರೆಯವರ ಮಶೀನಿನಿಂದ ಬರೋದು ಬೇಡ" ಎಂದರು. ಅವಸರಕ್ಕೆ ಇನ್ನೊಂದು ಕಾರಣವೂ ಇತ್ತು. ಗ್ಲಾಕೋಮಾದಿಂದ ನಾನಾರ ಎಡಗಣ್ಣು ಆಗಲೇ ಹೋಗಿದೆ, ಬಲಗಣ್ಣಿನ ದೃಷ್ಟಿಯೂ ಕುಗ್ಗುತ್ತಿದೆ.

ನೆಗೆಟಿವ್ ಎಂದರೆ ಬೆಳಕಿದ್ದ ಕಡೆ ಕಪ್ಪು, ಕತ್ತಲಿದ್ದ ಕಡೆ ಪಾರದರ್ಶಕ. ಅದರ ಮೂಲಕ ಬೆಳಕು ಹಾಯಿಸಿದರೆ ಕೆಳಗಿನ ಕಾಗದದ ಮೇಲೆ ಎಲ್ಲವೂ ಮತ್ತೆ ತಿರುಗಿ ಸರಿಯಾಗುತ್ತದೆ. ಕತ್ತಲೆ ಕೋಣೆಯ ಸಣ್ಣ ರಂಧ್ರದಿಂದ ಬೆಳಕು ಹೇಗೆ ಹಾಯುತ್ತದೆ ಎಂಬುದನ್ನು ಸಾವಿರ ವರ್ಷಗಳ ಹಿಂದೆಯೇ ಇಬ್ನುಲ್ ಹೈಸಮ್ ದೀಪಗಳನ್ನು ಸಾಲಾಗಿಟ್ಟು ಪರೀಕ್ಷಿಸಿ 'ಕಿತಾಬುಲ್ ಮನಾಝಿರ್'ನಲ್ಲಿ ಬರೆದಿಟ್ಟರು. ಆದರೆ ಆ ಬೆಳಕನ್ನು ಹಿಡಿದು ನಿಲ್ಲಿಸುವ ವಿದ್ಯೆ ಬಂದದ್ದು ಬಹಳ ತಡವಾಗಿ. ಈಗ ಉಳಿದಿರುವ ಅತಿ ಹಳೆಯ ನೆಗೆಟಿವ್ ಇಂಗ್ಲೆಂಡಿನ ಫಾಕ್ಸ್ ಟಾಲ್ಬಟ್ 1835ರಲ್ಲಿ ತೆಗೆದ ತಮ್ಮ ಮನೆಯ ಕಿಟಕಿಯ ಚಿತ್ರ. ಫೋಟೋಗ್ರಫಿಗೆ ನೆಗೆಟಿವ್, ಪಾಸಿಟಿವ್ ಎಂಬ ಹೆಸರು ತಂದವರು ವಿಜ್ಞಾನಿ ಜಾನ್ ಹರ್ಷೆಲ್. ಹೈಪೋ ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆ ಎಂದು 1819ರಲ್ಲೇ ಕಂಡುಕೊಂಡವರೂ ಅವರೇ. ನಮ್ಮ ಪುಸ್ತಕದ ಆ ಒಂದು ಅಂಕಕ್ಕೆ ಇನ್ನೂರು ವರ್ಷದ ಇತಿಹಾಸವಿದೆ.

ಫೋನಿನ ಫೋಟೋದಲ್ಲಿ ನೆಗೆಟಿವ್ ಎಂಬುದೇ ಇಲ್ಲ. ಅದನ್ನು ಹೊಸದಾಗಿ ಹುಟ್ಟಿಸಬೇಕು. ಹುಡುಕಿದಾಗ ನಾಲ್ಕು ದಾರಿಗಳು ಕಂಡವು. ಒಂದು, ಫಿಲ್ಮ್ ರೆಕಾರ್ಡರ್ ಎಂಬ ಯಂತ್ರ. ಅದು ಡಿಜಿಟಲ್ ಚಿತ್ರವನ್ನು ಬೆಳಕಿನಿಂದಲೇ ನಿಜವಾದ ಫಿಲ್ಮಿನ ಮೇಲೆ ಬರೆಯುತ್ತದೆ. ವಿದೇಶದ ಕೆಲವು ಲ್ಯಾಬ್‌ಗಳಲ್ಲಿ ಸಿಗುವ ಸೇವೆ ಅದು, ನಮಗೆ ದುಬಾರಿ. ಎರಡು, ಆಫ್‌ಸೆಟ್ ಪ್ರೆಸ್‌ನವರು ಪ್ಲೇಟ್ ಮಾಡಲು ಬಳಸುತ್ತಿದ್ದ ಇಮೇಜ್‌ಸೆಟರ್ ಫಿಲ್ಮ್. ಈಗ ಬಹಳಷ್ಟು ಪ್ರೆಸ್‌ಗಳಲ್ಲಿ ಕಂಪ್ಯೂಟರಿನಿಂದ ನೇರವಾಗಿ ಪ್ಲೇಟೇ ಬರುವುದರಿಂದ ಫಿಲ್ಮಿನ ಕೆಲಸ ಹೋಗಿದೆ. ಮೂರು, ಕಂಪ್ಯೂಟರ್ ಪರದೆಯ ಮೇಲೆ ಚಿತ್ರ ಇಟ್ಟು, ಕತ್ತಲೆಯಲ್ಲಿ ಸ್ಟ್ಯಾಂಡ್ ಹಾಕಿ, ಫಿಲ್ಮ್ ಕ್ಯಾಮೆರಾದಿಂದ ಅದರ ಫೋಟೋ ತೆಗೆಯುವುದು. ಇದು ಚೆನ್ನಾಗಿಯೇ ಆಗುತ್ತದೆ, ಆದರೆ ನಾನಾರ ಕ್ಯಾಮೆರಾದ ಶಟರ್ ಹಿಡಿದುಕೊಂಡು ವರ್ಷಗಳಾಗಿವೆ. ಉಳಿದದ್ದು ನಾಲ್ಕನೆಯದು. ಪಾರದರ್ಶಕ ಹಾಳೆಯ ಮೇಲೆ ಇಂಕ್‌ಜೆಟ್ ಪ್ರಿಂಟರಿನಿಂದ ನೆಗೆಟಿವ್ ಮುದ್ರಿಸಿ, ಅದನ್ನು ಫೋಟೋ ಪೇಪರಿನ ಮೇಲೆ ಅಂಟಿದಂತೆ ಇಟ್ಟು ಬೆಳಕು ಕೊಡುವುದು. ಇದಕ್ಕೆ ಕಾಂಟ್ಯಾಕ್ಟ್ ಪ್ರಿಂಟ್ ಎನ್ನುತ್ತಾರೆ. ನೆಗೆಟಿವ್ ಎಷ್ಟು ದೊಡ್ಡದೋ ಫೋಟೋ ಅಷ್ಟೇ ದೊಡ್ಡದು. "5×7 ಸಾಕು, ಅವಳಿಗೆ ದೊಡ್ಡದು ಇಷ್ಟ ಆಗುತ್ತಿರಲಿಲ್ಲ" ಎಂದರು ನಾನಾ.

ಅಂಥ ಹಾಳೆ ನಮ್ಮ ಊರಿನಲ್ಲಿ ಎಲ್ಲಿ ಸಿಗುತ್ತದೆ? ಮದುವೆ ಕಾರ್ಡ್ ಮಾಡುವ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯಲ್ಲಿ. ಅವರು ಅಕ್ಷರಗಳನ್ನು ಇಂಥದ್ದೇ ಫಿಲ್ಮಿನ ಮೇಲೆ ಮುದ್ರಿಸಿ, ಸ್ಕ್ರೀನಿಗೆ ಬೆಳಕು ಕೊಡುತ್ತಾರೆ. ಮಾಮೂ ಜೊತೆ ಹೋಗಿ ವಿಚಾರಿಸಿದೆ. ಅಂಗಡಿಯ ಅಣ್ಣ ಹಾಳೆ ತೋರಿಸಿದರು. ಶಾಯಿ ಹಿಡಿಯಲು ಒಂದು ಮುಖಕ್ಕೆ ಹಾಲಿನಂತೆ ಮಬ್ಬಾದ ಲೇಪನ. "ನಮ್ಮ ಕೆಲಸದಲ್ಲಿ ಕಪ್ಪು, ಇಲ್ಲಾಂದ್ರೆ ಖಾಲಿ. ನಡುವಿನ ಬೂದು ಬಣ್ಣ ನಮಗೆ ಬೇಕೇ ಇಲ್ಲ. ನಿಮಗೆ ಬೇಕಾಗಿರೋದೇ ಅದು ಅಲ್ವಾ?" ಎಂದರು. ಸರಿಯಾಗಿ ಹೇಳಿದರು. ಮನುಷ್ಯರ ಮುಖ ಇರುವುದೇ ಆ ನಡುವಿನ ಬೂದಿನಲ್ಲಿ. "ಫೋಟೋ ಕೊಡಿ, ನಾನೇ ಪ್ರಿಂಟ್ ಹಾಕಿಕೊಡ್ತೀನಿ" ಎಂದೂ ಹೇಳಿದರು. ನಾನು ಖಾಲಿ ಹಾಳೆಗಳನ್ನು ಮಾತ್ರ ಕೊಂಡೆ. ಅವರ ಮೇಲೆ ಅನುಮಾನವಿರಲಿಲ್ಲ, ನಾನಿಗೆ ಕೊಟ್ಟ ಮಾತು ಇತ್ತು. ಮಾಮೂ ಮನೆಯಲ್ಲಿ ಇಂಕ್‌ಜೆಟ್ ಪ್ರಿಂಟರ್ ಇದೆ, ಅದೇ ಸಾಕಾಯಿತು.

ಕಂಪ್ಯೂಟರಿನಲ್ಲಿ ಮಾಡಬೇಕಾದ ಕೆಲಸ ಮೂರು. ಉಚಿತವಾಗಿ ಸಿಗುವ ಜಿಂಪ್ ಸಾಫ್ಟ್‌ವೇರಿನಲ್ಲೇ ಎಲ್ಲ ಆಗುತ್ತದೆ. ಬಣ್ಣ ತೆಗೆದು ಕಪ್ಪು ಬಿಳುಪು ಮಾಡಬೇಕು. ಇನ್ವರ್ಟ್ ಒತ್ತಿ ಕಪ್ಪನ್ನು ಬಿಳಿ, ಬಿಳಿಯನ್ನು ಕಪ್ಪು ಮಾಡಬೇಕು. ಆಮೇಲೆ ಕನ್ನಡಿಯ ಬಿಂಬದಂತೆ ಎಡಬಲ ತಿರುಗಿಸಬೇಕು. ಶಾಯಿ ಇರುವ ಮುಖ ಪೇಪರಿಗೆ ತಾಗಿದಂತೆ ಇಟ್ಟರೆ ಮಾತ್ರ ಚಿತ್ರ ಚುರುಕಾಗಿ ಬರುತ್ತದೆ. ಹಾಗೆ ಮಗುಚಿ ಇಟ್ಟಾಗ ಎಡಬಲ ಸರಿಹೋಗಲು ಈ ತಿರುಗಿಸುವಿಕೆ.

ಇಷ್ಟು ಮಾಡಿದರೂ ಕೆಲಸ ಅರ್ಧ. ಪರದೆಯ ಮೇಲಿನ ಬೂದು, ಶಾಯಿಯ ಬೂದು, ಪೇಪರಿನ ಬೂದು ಮೂರೂ ಬೇರೆ ಬೇರೆ. ನೆಗೆಟಿವ್ ಎಷ್ಟು ಬೆಳಕು ತಡೆಯುತ್ತದೆ ಎಂಬುದನ್ನು ಡೆನ್ಸಿಟಿ ಎಂದು ಅಳೆಯುತ್ತಾರೆ. ಅದು pH ಹಾಗೆಯೇ ಲಾಗರಿದಮ್ ಅಳತೆ. ಡೆನ್ಸಿಟಿ 1 ಇದ್ದರೆ ಹತ್ತರಲ್ಲಿ ಒಂದು ಪಾಲು ಬೆಳಕು ದಾಟುತ್ತದೆ, 2 ಇದ್ದರೆ ನೂರರಲ್ಲಿ ಒಂದು ಪಾಲು. ಲಾಗರಿದಮ್ ಯಾಕೆ ಕಲಿಯಬೇಕು ಎಂದು ಕೇಳುವ ಗೆಳತಿಯರಿಗೆ ಈಗ ನನ್ನ ಹತ್ತಿರ ಒಂದು ಉತ್ತರವಿದೆ. ಹಾಗಾಗಿ ಮೊದಲು ಮುಖವನ್ನು ಮುದ್ರಿಸುವುದಿಲ್ಲ. ಬಿಳಿಯಿಂದ ಕಪ್ಪಿನವರೆಗೆ 11 ಚೌಕಗಳಿರುವ ಒಂದು ಪಟ್ಟಿ ಮಾಡಿ, ಅದರ ನೆಗೆಟಿವ್ ತೆಗೆದು, ಫೋಟೋ ಪೇಪರಿನ ಮೇಲೆ ಪರೀಕ್ಷಿಸಬೇಕು.

ಪರೀಕ್ಷೆಗೆಂದು ನಾನಾ ಹಳೆಯ ಒಂದು ಡಬ್ಬಿ ತೆರೆದರು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ತಯಾರಿಸುತ್ತಿದ್ದ 'ಇಂದು' ಪೇಪರ್. 1960ರಲ್ಲಿ ಸ್ಥಾಪನೆಯಾದ ಆ ಸರ್ಕಾರಿ ಕಾರ್ಖಾನೆ ಈಗ ಮುಚ್ಚಿದೆ. ಒಂದು ಹಾಳೆಯನ್ನು ಬೆಳಕೇ ತೋರಿಸದೆ ಡೆವಲಪರಿಗೆ ಹಾಕಿದರು. ಇಡೀ ಹಾಳೆ ಬೂದಿಯಂತಾಯಿತು. ನಾನಾ ಏನೂ ಅನ್ನಲಿಲ್ಲ, ಡಬ್ಬಿ ಮುಚ್ಚಿ ಮತ್ತೆ ಅದೇ ಜಾಗದಲ್ಲಿ ಇಟ್ಟರು. ಇಂಗ್ಲೆಂಡಿನ ಇಲ್ಫೋರ್ಡ್ ಕಂಪನಿ ಈಗಲೂ ಕಪ್ಪು ಬಿಳುಪು ಪೇಪರ್ ತಯಾರಿಸುತ್ತದೆ. ಮಾಮೂ ಅದರ ಒಂದು ಪ್ಯಾಕೆಟ್ ತರಿಸಿಕೊಟ್ಟರು.

ಕೆಲಸ ಇಶಾ ನಮಾಝ್ ಆದ ಮೇಲೆ. ಹೊರಗೆ ಪೂರ್ತಿ ಕತ್ತಲಾದರೆ ಬಾಗಿಲ ಸಂದಿಯಿಂದ ಬೆಳಕು ನುಗ್ಗುವ ಭಯವಿಲ್ಲ. ಈ ಪೇಪರಿಗೆ ಕೆಂಪು ಬೆಳಕು ಕಾಣುವುದಿಲ್ಲ, ಅದಕ್ಕೇ ಕೆಂಪು ಬಲ್ಬು. ಮೊದಲ ಪಟ್ಟಿ ಬಂದಾಗ ಕಪ್ಪಿನ ಕಡೆಯ ಮೂರು ಚೌಕ ಒಂದೇ ಕಪ್ಪಾಗಿದ್ದವು, ಬಿಳಿಯ ಕಡೆಯ ಎರಡು ಒಂದೇ ಬಿಳಿಯಾಗಿದ್ದವು. ಅಂದರೆ ಹಾಗೆಯೇ ಮುದ್ರಿಸಿದ್ದರೆ ನಾನಿಯ ದುಪಟ್ಟಾದ ಮಡಿಕೆಗಳೂ ಇರುತ್ತಿರಲಿಲ್ಲ, ಹಿಂದಿನ ಗೋಡೆಯೂ ಇರುತ್ತಿರಲಿಲ್ಲ. ಜಿಂಪ್‌ನ ಕರ್ವ್ಸ್‌ನಲ್ಲಿ ರೇಖೆಯನ್ನು ಬಗ್ಗಿಸಿ, ಎಲ್ಲ ಛಾಯೆಗಳೂ ಪೇಪರ್ ತೋರಿಸಬಲ್ಲ ಮಿತಿಯೊಳಗೆ ಬರುವಂತೆ ಮಾಡಬೇಕು. ನಾಲ್ಕನೇ ಸಂಜೆ 11ರಲ್ಲಿ 10 ಚೌಕಗಳು ಬೇರೆ ಬೇರೆಯಾಗಿ ಕಂಡವು. "ಇನ್ನು ಅವಳನ್ನು ತಾ" ಎಂದರು ನಾನಾ.

ನೆಗೆಟಿವ್‌ನಲ್ಲಿ ನಾನಿಯ ಬಿಳಿ ದುಪಟ್ಟಾ ಕಡುಗಪ್ಪು, ಕಣ್ಣುಗಳು ಎರಡು ತಿಳಿ ಚುಕ್ಕೆ. ಪೇಪರಿನ ಮೇಲೆ ಅದನ್ನಿಟ್ಟು, ಮೇಲೆ ಗಾಜು ಒತ್ತಿ, ಎನ್ಲಾರ್ಜರಿನ ಬೆಳಕು ಎಂಟು ಸೆಕೆಂಡು. ಆಮೇಲೆ ಡೆವಲಪರ್ ಟ್ರೇ. ಮೊದಲು ಬರೀ ಬಿಳಿ ಕಾಗದ. ಹದಿನೈದು ಸೆಕೆಂಡಿನ ಹೊತ್ತಿಗೆ ಕಣ್ಣು, ನಂತರ ಮೊರದ ಅಂಚು, ಕೊನೆಗೆ ದುಪಟ್ಟಾದ ಮಡಿಕೆ. ಕೆಂಪು ಬೆಳಕಿನಲ್ಲಿ ನಾನಾರಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಟ್ರೇ ಅಲ್ಲಾಡಿಸುತ್ತ ಕೇಳುತ್ತಿದ್ದರು: "ಕಣ್ಣಿನ ಹತ್ತಿರ ಕಪ್ಪು ಬಂತಾ? ಕೆನ್ನೆ ಇನ್ನೂ ತಿಳಿಯಾಗಿದೆಯಾ?" ನಾನು ನೋಡಿ ಹೇಳುತ್ತಿದ್ದೆ. "ಸಾಕು" ಎಂದು ಅವರು ಹೇಳಿದ್ದು ನನ್ನ ಮಾತು ಕೇಳಿ, ಕೈಯ ಅಂದಾಜಿನ ಮೇಲೆ. ಅಲ್ಲಿಂದ ಸ್ಟಾಪ್ ಬಾತ್, ನಂತರ ಹೈಪೋ, ನಂತರ ನಲ್ಲಿಯ ನೀರು. ಲೈಟು ಹಾಕಿದ ಮೇಲೆ ಅವರು ಫೋಟೋವನ್ನು ಬಲಗಣ್ಣಿನ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದರು.

ಗೋಡೆಗೆ ಹಾಕಲಿಲ್ಲ, ಹಾಕುವ ಯೋಚನೆ ಯಾರಿಗೂ ಇರಲಿಲ್ಲ. ಪ್ರಿಂಟ್ ನಾನಾರ ಪೆಟ್ಟಿಗೆಯಲ್ಲಿದೆ. ನೆಗೆಟಿವನ್ನು ಬಟರ್ ಪೇಪರಿನ ಲಕೋಟೆಗೆ ಹಾಕಿ, ಹಳೆಯ ರಿಜಿಸ್ಟರ್ ತರಿಸಿ, 2009ರ ಕೊನೆಯ ನಂಬರಿನ ಕೆಳಗೆ ಮುಂದಿನ ನಂಬರು ಬರೆದರು. ಸಾಲು ಸ್ವಲ್ಪ ಓರೆಯಾಯಿತು. ಹೆಸರಿನ ಜಾಗದಲ್ಲಿ ನಾನಿಯ ಹೆಸರು ಬಂತು. ಲಕೋಟೆಯನ್ನು ನನ್ನ ಕೈಗೆ ಕೊಟ್ಟು, "ಇದು ನಿನ್ನ ಜವಾಬ್ದಾರಿ" ಎಂದರು.

ಫೋನಿನ ಫೋಟೋ ಒಂದು ಬೆರಳು ತಾಗಿದರೆ ನೂರು ಜನರಿಗೆ ಹೋಗುತ್ತದೆ. ಈ ನೆಗೆಟಿವ್ ಹಾಗಲ್ಲ. ಒಬ್ಬರಿಗೆ ಕೊಡಬೇಕೆಂದರೂ ಕತ್ತಲೆ ಕೋಣೆಗೆ ಹೋಗಿ, ನೀರು ತುಂಬಿ, ಒಂದು ಸಂಜೆ ಕಳೆಯಬೇಕು. ಅಷ್ಟು ಹೊತ್ತಿನಲ್ಲಿ, ಇವರಿಗೆ ಕೊಡಬೇಕೇ ಬೇಡವೇ ಎಂದು ಯೋಚಿಸಲು ಸಮಯ ಸಿಗುತ್ತದೆ. ನಾನಿ ಕೇಳಿದ್ದೂ ಬಹುಶಃ ಅಷ್ಟೇ.

ನಿಮ್ಮ ಊರಿನಲ್ಲೂ ಮುಚ್ಚಿದ ಒಂದು ಸ್ಟುಡಿಯೋ ಇರಬಹುದು, ಅದರ ಕೆಲಸ ಗೊತ್ತಿರುವ ಒಬ್ಬ ಹಿರಿಯರು ಇರಬಹುದು. ಹೋಗಿ ಮಾತನಾಡಿಸಿ. ನಿಮ್ಮ ಫೋನಿನಲ್ಲಿರುವ ಸಾವಿರಾರು ಫೋಟೋಗಳಲ್ಲಿ ಯಾವುದಕ್ಕೆ ಇಷ್ಟು ಕಷ್ಟಪಡಬಹುದು ಎಂದೂ ಒಮ್ಮೆ ನೋಡಿಕೊಳ್ಳಿ. ಹೆಚ್ಚು ಸಿಗಲಾರವು. ಸಿಕ್ಕಿದ್ದನ್ನು ಜೋಪಾನ ಮಾಡಿ.