ತಣ್ಣಗಿಡುವ ಕೆಲಸ

ಅರವತ್ತರ ದಶಕದಲ್ಲಿ ಬೂದಿಕೋಟೆಯ ನಮ್ಮ ಮನೆಯಲ್ಲಿ ತಣ್ಣೀರಿಗೆ ಇದ್ದದ್ದು ಹೂಜಿ. ನಡುಮನೆಯ ಮೂಲೆಯಲ್ಲಿ ಮರಳು ಹಾಸಿ ಅಜ್ಜಿ ಅದನ್ನು ಕೂರಿಸುತ್ತಿದ್ದರು, ಪಕ್ಕದಲ್ಲಿ ಹಿತ್ತಾಳೆ ಚೆಂಬು. ಹೊಸ ಹೂಜಿಯ ನೀರಿಗೆ ವಾರವಿಡೀ ಮಣ್ಣಿನ ವಾಸನೆ. ಬಂಗಾರಪೇಟೆ ಸ್ಟೇಷನ್ನಿನ ಮುಂದೆ ಐದು ಪೈಸೆಗೆ ಸಿಗುತ್ತಿದ್ದ ಐಸ್ ಕ್ಯಾಂಡಿಗಿಂತ ತಣ್ಣನೆಯದು ಲೋಕದಲ್ಲಿಲ್ಲ ಎಂದು ನಾನು ನಂಬಿದ್ದೆ.

ಸೋದರಮಾವ ಚಾಂಪಿಯನ್ ರೀಫ್ ಚಿನ್ನದ ಗಣಿಗೆ ಇಳಿಯುತ್ತಿದ್ದರು. ಅಲ್ಲಿ ಮೂರು ಕಿಲೋಮೀಟರ್ ಆಳದ ಬಂಡೆ 60 ಡಿಗ್ರಿಗೂ ಮೇಲೆ ಕಾದಿರುತ್ತಿತ್ತು. ಮೇಲಿನಿಂದ ತಂಪು ಮಾಡಿದ ಗಾಳಿ ಕಳಿಸದಿದ್ದರೆ ಕೆಳಗೆ ಕೆಲಸವೇ ಇಲ್ಲ. ತಣ್ಣಗಿಡುವುದೂ ಒಂದು ದುಡಿಮೆ ಎಂದು ಮೊದಲು ಕೇಳಿದ್ದು ಅವರ ಬಾಯಲ್ಲಿ.

ಎಂಬತ್ತರ ದಶಕದಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಅದೇ ದುಡಿಮೆ ನನ್ನ ಪಾಲಿಗೂ ಬಂತು. ಹರಳಿನ ಮೂಲಕ ಬೆಳಕು ಹಾಯಿಸಿ ರೋಹಿತ ನೋಡುವ ಪ್ರಯೋಗ. ಮಾಮೂಲಿ ಬಿಸಿಯಲ್ಲಿ ಹರಳಿನ ಪರಮಾಣುಗಳು ಅಲುಗಾಡುತ್ತಲೇ ಇರುವುದರಿಂದ ಗೆರೆಗಳು ಅಗಲವಾಗಿ ಒಂದರ ಮೇಲೊಂದು ಮಸುಕಾಗಿ ಬೀಳುತ್ತಿದ್ದವು. ದ್ರವ ಹೀಲಿಯಂನಲ್ಲಿ, ಅಂದರೆ ಮೈನಸ್ 269 ಡಿಗ್ರಿಯಲ್ಲಿ, ಆ ಮಸುಕೇ ಬಿಡಿಬಿಡಿ ಗೆರೆಗಳಾಗಿ ಒಡೆಯಿತು. ಮೊದಲ ಸಲ ನೋಡಿದ ರಾತ್ರಿ ನಾನು ಹಾಸ್ಟೆಲಿಗೆ ಹೋಗಲೇ ಇಲ್ಲ.

ಹರಳನ್ನು ಹೀಲಿಯಂನಲ್ಲಿ ಇಡುವ ಪಾತ್ರೆಗೆ ಕ್ರಯೋಸ್ಟಾಟ್ ಎಂದು ಹೆಸರು. ಒಸರಿದ ನೀರು ಆವಿಯಾಗುತ್ತಾ ಹೂಜಿಯ ಬಿಸಿಯನ್ನು ಹೊತ್ತೊಯ್ದಂತೆ, ಕುದಿಯುವ ಹೀಲಿಯಂ ಹರಳಿನ ಬಿಸಿಯನ್ನು ಒಯ್ಯುತ್ತಿತ್ತು. ಆದರೆ ಹೀಲಿಯಂ ಬಲು ಸೂಕ್ಷ್ಮ. ಒಳಗೆ ಒಂದೇ ಒಂದು ವ್ಯಾಟ್ ಶಾಖ ನುಸುಳಿದರೂ ಗಂಟೆಗೆ ಹತ್ತಿರಹತ್ತಿರ ಒಂದೂವರೆ ಲೀಟರ್ ಆವಿಯಾಗಿ ಹೋಗುತ್ತದೆ. ಹಾಗಾಗಿ ನಮ್ಮ ವಿನ್ಯಾಸವೆಲ್ಲ ಶಾಖ ನುಸುಳುವ ದಾರಿಗಳನ್ನು ಮುಚ್ಚುವುದೇ. ಪಾತ್ರೆಯನ್ನು ತೆಳುಗೋಡೆಯ ಸ್ಟೀಲ್ ಕೊಳವೆಯಿಂದ ತೂಗುಹಾಕಿದೆವು, ಸುತ್ತ ನಿರ್ವಾತ ಮಾಡಿದೆವು. ನಡುವೆ ದ್ರವ ಸಾರಜನಕದಿಂದ ಮೈನಸ್ 196ಕ್ಕೆ ಇಳಿಸಿದ ತಾಮ್ರದ ಕವಚ. ಅದೊಂದರಿಂದಲೇ ಹೊರಗೋಡೆಯಿಂದ ಸೂಸಿ ಬರುವ ಶಾಖ ಇನ್ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಈಗ ಹೇಳಿದರೂ ನನಗೆ ಸಂತೋಷವಾಗುವ ಲೆಕ್ಕ ಅದು.

ಬೆಳಕು ಹಾಯಲು ಕ್ವಾರ್ಟ್ಸ್ ಕಿಟಕಿ ಬೇಕಲ್ಲ. ಅದರ ಸಂದು ಮುಚ್ಚಲು ಇಟ್ಟ ರಬ್ಬರ್ ವಾಷರ್ ಆ ಚಳಿಗೆ ಗಾಜಿನಂತೆ ಸೀಳುತ್ತಿದ್ದರಿಂದ ಬೆಣ್ಣೆಮೆದುವಿನ ಇಂಡಿಯಂ ತಂತಿಯನ್ನು ಸುತ್ತಿಟ್ಟು ಸ್ಕ್ರೂ ಬಿಗಿಯುತ್ತಿದ್ದೆವು. ಕೋಣೆ ತುಂಬ ಪಂಪಿನ ಎಣ್ಣೆಯ, ಬೆಸುಗೆಯ ರಾಳದ ವಾಸನೆ. ಮನೆಗೆ ಹೋದರೆ ಅಮ್ಮ ಅಂಗಿ ಮೂಸಿ, "ಏನಪ್ಪ, ಗ್ಯಾರೇಜಿಗೆ ಸೇರಿದೀಯಾ?" ಅನ್ನುತ್ತಿದ್ದರು.

ಹೀಲಿಯಂ ತುಂಬಿಸಿದ ದಿನ ಪ್ರಯೋಗ ಮುಗಿಯುವವರೆಗೂ ಯಾರೂ ಕದಲುತ್ತಿರಲಿಲ್ಲ. ಕ್ಯಾರಿಯರಿನ ಊಟವನ್ನು ಸರದಿಯಲ್ಲಿ ಉಣ್ಣುತ್ತಿದ್ದೆವು. ಆವಿಯಾದ ಅನಿಲವನ್ನೂ ದೊಡ್ಡ ಚೀಲದಲ್ಲಿ ಹಿಡಿದು ಮತ್ತೆ ದ್ರವ ಮಾಡಲು ಕಳಿಸಬೇಕಿತ್ತು. ಹೀಲಿಯಂ ಆಗಲೂ ಈಗಲೂ ಹೊರದೇಶದ ಸರಕು.

ನಿಮ್ಮ ಕಾಲದ ಲ್ಯಾಬುಗಳಲ್ಲಿ ದ್ರವ ಹೊರುವ ಕೆಲಸ ಕಡಿಮೆಯಾಗಿದೆ. ಸ್ವಿಚ್ ಒತ್ತಿದರೆ ಕ್ರಯೋಕೂಲರ್ ಎಂಬ ತಂಪು ಮಾಡುವ ಯಂತ್ರ ತಿಂಗಳುಗಟ್ಟಲೆ ನಾಲ್ಕು ಕೆಲ್ವಿನ್‌ನಲ್ಲಿ, ಅಂದರೆ ಅದೇ ಮೈನಸ್ 269 ಡಿಗ್ರಿಯಲ್ಲಿ, ನಿಲ್ಲುತ್ತದೆ. ಒಳ್ಳೆಯದೇ ಆಯಿತು. ಆದರೆ ಒಂದು ವ್ಯಾಟ್ ಶಾಖ ತೆಗೆಯಲು ಅದರ ಕಂಪ್ರೆಸರ್ ಏಳು ಕಿಲೋವ್ಯಾಟಿನಷ್ಟು ಕರೆಂಟು ತಿನ್ನುತ್ತದೆ, ಮೇಲಾಗಿ ಅದರ ಕಂಪನ ಹರಳಿಗೆ ತಾಕಿದರೆ ಅಳತೆ ಕೆಡುತ್ತದೆ. ಅದಕ್ಕೆ ಈಗಿನವರು ತಾಮ್ರದ ಮೆದು ಜಡೆಗಳಿಂದ ಹರಳನ್ನು ಯಂತ್ರಕ್ಕೆ ಜೋಡಿಸುತ್ತಾರೆ: ಶಾಖ ದಾಟಬೇಕು, ಅದುರು ದಾಟಬಾರದು. ನಮಗೆ ಆ ತೊಂದರೆಯೇ ಇರಲಿಲ್ಲ, ಆದ್ದರಿಂದ ನಮಗದು ಹೊಳೆದೂ ಇರಲಿಲ್ಲ.